ಖಾಲಿ ಸೈಟಿನಲ್ಲಿ ಕೆಸು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಶುಕ್ರವಾರದ ಸಂತೆಗೆ ನೀವೆಲ್ಲ ಹೋಗ್ತೀರಿ, ಅಲ್ವಾ? ಅಲ್ಲಿ ನಾವು ಕೊಳ್ಳುವ ಬೀನ್ಸ್, ಕೋಸು, ಟೊಮೆಟೊ ಜಾಸ್ತಿ ಬರುವುದು ಬಯಲುಸೀಮೆಯಿಂದ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ನಮ್ಮ ಮನೆಯ ಅಡುಗೆಗೆ ಒದಗಿದ್ದು ಹಿತ್ತಲಿನ ಸೀಮೆಬದನೆ ಮತ್ತು ಕೆಸು. ಹಿತ್ತಲೇ ಇಲ್ಲದ ಪೇಟೆ ಮನೆಯವರ ಬಗ್ಗೆ ಅಂದಿನಿಂದ ಯೋಚಿಸುತ್ತಿದ್ದೇನೆ.

ನಮ್ಮ ಬೀದಿಯ ಕೊನೆಗೆ ಐದು ಸೆಂಟಿನ ಜಾಗ ಸುಮ್ನೆ ಬಿದ್ದಿತ್ತು. ಕಾಡು ಗಿಡ, ಒಡೆದ ಹೆಂಚು, ಬಾಟಲಿ ಚೂರು. ಏಳು ಮನೆಯವರು ಸೇರಿ ಕ್ಲೀನ್ ಮಾಡಿದೆವು. ಮೇ ಕೊನೆಯಲ್ಲಿ ಕೊತ್ತಂಬರಿ, ಪಾಲಕ್ ಬಿತ್ತಿದೆವು. ಜೂನ್ ಮಳೆಗೆ ಬೀಜವೂ ಮಣ್ಣೂ ಚರಂಡಿ ಸೇರಿದವು. ಎದುರು ಮನೆಯ ಅಕ್ಕ ಕೊಡೆ ಹಿಡಿದು ನಿಂತು ನೋಡಿದರು. "ಮಳೆಗೆ ಯಾವುದು ಇಷ್ಟವೋ ಅದನ್ನು ಹಾಕಿ ಮಾರಾಯ್ರೆ" ಅಂದರು.

ನಾನು ಇವತ್ತು ಹೇಳಬೇಕಾದ್ದೂ ಅದೇ. ನೀರು ಇಳಿದು ಬರುವ ತಗ್ಗಿನಲ್ಲಿ ಕೆಸು ಹಾಕಿ. ಹಳೇ ಕಾಂಪೌಂಡಿಗೆ ಸೀಮೆಬದನೆ ಹಬ್ಬಿಸಿ. ಬದಿಯಲ್ಲಿ ಬಸಳೆ, ಜೀರಿಗೆ ಮೆಣಸು. ಮಳೆಗಾಲದ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಹುಡುಕಿಕೊಂಡು ಹೋಗುವ ಮದ್ದು ಸೊಪ್ಪಿಗೂ ಒಂದು ಮೂಲೆ ಕೊಡಿ. ಕೋಸು, ಬೀನ್ಸ್ ಎಲ್ಲ ಅಕ್ಟೋಬರ್ ದಾಟಿದ ಮೇಲೆ.

ನಮ್ಮ ಮಣ್ಣು ಹುಳಿ. ಜೋರು ಮಳೆ ಅದರ ಸಾರವನ್ನೆಲ್ಲ ತೊಳೆದುಬಿಡುತ್ತೆ. ಅದಕ್ಕೇ ಕೃಷಿ ಸುಣ್ಣ ಬೇಕು. ಸುಣ್ಣ ಹಾಕಿ ಎರಡು ವಾರ ಬಿಟ್ಟು ಗೊಬ್ಬರ ಕೊಡಿ. ಕೊಳೆತ ಕಾಫಿ ಸಿಪ್ಪೆ ತೋಟದವರನ್ನು ಕೇಳಿದರೆ ಸಿಗುತ್ತೆ. ಹಳೇ ಮನೆ ಕೆಡವಿದ ಜಾಗವಾದರೆ ಹುಷಾರು. ಹಳೇ ಪೇಂಟಿನ ಸೀಸ ಮಣ್ಣಲ್ಲಿ ಉಳಿದಿರಬಹುದು. ಕಲ್ಲು ಕಟ್ಟಿ, ಬೇರೆ ಕಡೆಯ ಮಣ್ಣು ತುಂಬಿ, ಎತ್ತರದ ಮಡಿ ಮಾಡಿಕೊಳ್ಳಿ. ಸೋವಿಯತ್ ಒಕ್ಕೂಟ ಒಡೆದು ಕ್ಯೂಬಾಕ್ಕೆ ತೈಲ, ಗೊಬ್ಬರ ಬರುವುದು ನಿಂತಾಗ ಹವಾನಾ ನಗರದವರೂ ಖಾಲಿ ಜಾಗಗಳಲ್ಲಿ ಇಂಥ ಮಡಿಗಳಲ್ಲೇ ತರಕಾರಿ ಬೆಳೆದರು.

ಮತ್ತೊಂದು ಮಾತು, ಕೈಮುಗಿದು ಹೇಳುತ್ತೇನೆ. ಜಾಗ ಸಮ ಮಾಡಲು ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕಡಿಯಬೇಡಿ. ಎರಡಡಿ ಜಾಗದ ಆಸೆಗೆ ಮೇಲಿನ ಮನೆ ಜಾರಬಾರದು. ಇಳಿಜಾರು ಹೇಗಿದೆಯೋ ಹಾಗೇ ಬಿಟ್ಟು, ಅಡ್ಡಕ್ಕೆ ಮಡಿ ಮಾಡಿ, ತರಗೆಲೆ ಹೊದಿಸಿ.

ಜಾಗದ ಮಾಲೀಕರಿಂದ ಒಂದು ಕಾಗದವನ್ನೂ ಬರೆಸಿಕೊಳ್ಳಿ. ನ್ಯೂಯಾರ್ಕಿನಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು 1973ರಲ್ಲಿ ಕಸ ತುಂಬಿದ ಸೈಟೊಂದನ್ನು ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಅದೇ ಊರಿನ ಆಡಳಿತ 1999ರಲ್ಲಿ ಇಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಡಲು ಹೊರಟಿತು. ಜನ ಬೀದಿಗಿಳಿದರು. ಕೊನೆಗೆ ಸಂಸ್ಥೆಗಳು ಹಣ ಹಾಕಿ ಕೊಂಡು ಉಳಿಸಬೇಕಾಯಿತು. ನಮ್ಮ ಸೈಟಿನ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಮೂರು ವರ್ಷಕ್ಕೆ ಬರೆದುಕೊಟ್ಟಿದ್ದಾರೆ. ಕೇಳಿದಾಗ ಬಿಟ್ಟುಕೊಡುತ್ತೇವೆ, ಅಲ್ಲಿ ಮನೆ ಕಟ್ಟುವುದಿಲ್ಲ ಅಂತ ನಾವೂ ಸಹಿ ಹಾಕಿದ್ದೇವೆ.

ಕಳೆದ ಕಕ್ಕಡದಲ್ಲಿ ಆ ಸೈಟಿನ ಕೆಸುವಿನೆಲೆಯಿಂದ ಏಳು ಮನೆಗೂ ಪತ್ರೊಡೆ ಆಯಿತು. ಎಲೆ ಕೊಯ್ದದ್ದು ಆ ಅಕ್ಕನೇ.

ಕಾಫಿ ಹೂ ಅರಳಿಸುವ ಈ ಸಲದ ಹೂಮಳೆ ಬಿದ್ದಾಗಿದೆ, ಮಣ್ಣು ಹದವಾಗಿದೆ. ಬಾಗಿಲ ಹತ್ತಿರ ಗೋಣಿಚೀಲದಲ್ಲಿ ಕೆಸುವಿನ ಗೆಡ್ಡೆ ಇಟ್ಟಿದ್ದೇನೆ. ಹೋಗುವಾಗ ಮನೆಗೆ ನಾಲ್ಕರಂತೆ ತಗೊಂಡು ಹೋಗಿ.