ಭಾರತ ಎಲ್ಲಿತ್ತು ಅಂತ ಕಪ್ಪು ಕಲ್ಲು ಹೇಳಿದ್ದು ಹೇಗೆ?

[ದೃಶ್ಯ: ಎರೆಹೊಲ, ಪಕ್ಕದಲ್ಲಿ ಕಲ್ಲಿನ ಕ್ವಾರಿ]

ನಮಸ್ಕಾರ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ ಎರೆಮಣ್ಣಿನ ಕೆಳಗೆ ಕಪ್ಪು ಕಲ್ಲು ಸಿಗುತ್ತದೆ ಅಲ್ವಾ? ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಕ್ಕೂ ಹಬ್ಬಿದೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತಾರೆ. ಆ ಲಾವಾ ಹರಿದಾಗ ಈ ನೆಲ ಭೂಮಧ್ಯರೇಖೆಯ ಆಚೆ, ದಕ್ಷಿಣದಲ್ಲಿತ್ತು. ಈಗಿರುವ ಜಾಗಕ್ಕಿಂತ ಸುಮಾರು 5000 ಕಿ.ಮೀ. ದೂರ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ದಾಖಲೆ ಕಲ್ಲಿನೊಳಗೇ ಇದೆ.

[ಅನಿಮೇಷನ್: ಆರುತ್ತಿರುವ ಲಾವಾ, ಒಳಗೆ ಸಣ್ಣ ಬಾಣಗಳು]

ಈ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿವೆ. 580 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇದ್ದರೆ ಅದಕ್ಕೆ ಕಾಯಂ ಕಾಂತಗುಣ ಇರುವುದಿಲ್ಲ. ಲಾವಾ ಆರುತ್ತಾ ಆ ಮಟ್ಟದಿಂದ ಕೆಳಗಿಳಿದಾಗ, ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿದೆಯೋ ಆ ದಿಕ್ಕು ಕಣಗಳಲ್ಲಿ ಅಚ್ಚಾಗುತ್ತದೆ. ಆಮೇಲೆ ನೆಲ ಎತ್ತ ಸರಿದರೂ ಆ ಅಚ್ಚು ಕಲ್ಲಿನ ಜೊತೆಗೇ ಹೋಗುತ್ತದೆ.

[ಅನಿಮೇಷನ್: ಭೂಗೋಳ, ಬೇರೆ ಬೇರೆ ಕಡೆ ತೂಗುಬಿಟ್ಟ ಸೂಜಿ]

ಈಗ ಮುಖ್ಯ ವಿಷಯ. ಕಾಂತಸೂಜಿಯನ್ನು ಎಲ್ಲ ಕಡೆಗೂ ತಿರುಗುವಂತೆ ತೂಗುಬಿಟ್ಟರೆ ಅದು ಉತ್ತರ ತೋರಿಸಿ ಸುಮ್ಮನಾಗುವುದಿಲ್ಲ, ಬಾಗುತ್ತದೆ ಕೂಡ. ಭೂಮಧ್ಯರೇಖೆಯಲ್ಲಿ ಮಟ್ಟಸ, ಧ್ರುವದಲ್ಲಿ ನೆಟ್ಟಗೆ. ನಡುವೆ ಒಂದು ಸರಳ ಲೆಕ್ಕವಿದೆ: ಬಾಗಿದ ಕೋನದ ಟ್ಯಾನ್ ಅಂದರೆ ಅಕ್ಷಾಂಶದ ಟ್ಯಾನ್‌ನ ಎರಡು ಪಟ್ಟು. ಅಂದರೆ ಬಾಗು ಗೊತ್ತಾದರೆ ಅಕ್ಷಾಂಶ ಗೊತ್ತಾಯಿತು!

ಈ ಕಲ್ಲು ಈಗಿರುವುದು ಉತ್ತರದ 18 ಡಿಗ್ರಿ ಅಕ್ಷಾಂಶದ ಆಸುಪಾಸು. ಅಲ್ಲೇ ಹುಟ್ಟಿದ್ದರೆ ಬಾಗು ಸುಮಾರು 33 ಡಿಗ್ರಿ ಇರಬೇಕು. ಡೆಕ್ಕನ್ ಲಾವಾದಲ್ಲಿ ಸಿಗುವುದು ಸುಮಾರು 48. ಲೆಕ್ಕ ಹಾಕಿದರೆ ಅಕ್ಷಾಂಶ 29 ಡಿಗ್ರಿ ಆಸುಪಾಸು ಬರುತ್ತದೆ. ಉತ್ತರವೋ ದಕ್ಷಿಣವೋ? ಅದನ್ನು ದಿಕ್ಕು ಹೇಳುತ್ತದೆ. ಈ ಲಾವಾದ ಹೆಚ್ಚಿನ ಪಾಲು ಹರಿದಾಗ ಭೂಮಿಯ ಕಾಂತಧ್ರುವಗಳು ತಲೆಕೆಳಗಾಗಿದ್ದವು. ಮೇಲಿನ ಪದರಗಳ ಹೊತ್ತಿಗೆ ಮತ್ತೆ ಈಗಿನಂತಾಗಿದ್ದವು. ಆ ಮೇಲಿನ ಪದರಗಳಲ್ಲಿ ಬಾಣ ಉತ್ತರದ ಕಡೆ ನೋಡುತ್ತಾ ಮೇಲಕ್ಕೆ ಏರುತ್ತದೆ. ಹಾಗೆ ಏರುವುದು ದಕ್ಷಿಣ ಗೋಳಾರ್ಧದಲ್ಲಿ ಮಾತ್ರ. ಜೊತೆಗೆ ಅದು ನೇರ ಉತ್ತರಕ್ಕಿಲ್ಲ, ಸುಮಾರು 25 ಡಿಗ್ರಿ ಪಶ್ಚಿಮಕ್ಕೆ ವಾಲಿದೆ. ಅಂದರೆ ಭಾರತ ಸರಿದಿದ್ದಷ್ಟೇ ಅಲ್ಲ, ಎಡಕ್ಕೆ ತಿರುಗಿತು ಕೂಡ.

[ದೃಶ್ಯ: ಬಂಡೆಯಲ್ಲಿ ಡ್ರಿಲ್ ಮಾಡುತ್ತಿರುವುದು]

ಅಳತೆ ಸುಲಭದ್ದಲ್ಲ. ಬಂಡೆಯಿಂದ ಎರಡೂವರೆ ಸೆಂ.ಮೀ. ದಪ್ಪದ ತುಂಡನ್ನು ಡ್ರಿಲ್ ಮಾಡಿ ತೆಗೆಯುತ್ತಾರೆ. ಅದು ಬಂಡೆಯಲ್ಲಿ ಯಾವ ದಿಕ್ಕಿಗೆ ಕೂತಿತ್ತು ಅಂತ ಮೊದಲೇ ಗುರುತು ಹಾಕಬೇಕು. ಬಸಾಲ್ಟ್, ಅಂದರೆ ಈ ಕಪ್ಪು ಕಲ್ಲಿನ ಪಕ್ಕದಲ್ಲಿ ದಿಕ್ಸೂಚಿಯೇ ದಾರಿ ತಪ್ಪಬಹುದು, ಹಾಗಾಗಿ ಸೂರ್ಯನ ನೆರಳಿನಿಂದಲೂ ದಿಕ್ಕು ನೋಡುತ್ತಾರೆ. ಸಿಡಿಲು ಬಡಿದ ಬಂಡೆಯಾಗಿದ್ದರೆ ಹಳೆಯ ಅಚ್ಚಿನ ಮೇಲೆ ಹೊಸದು ಬಿದ್ದಿರುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ತುಂಡನ್ನು ಹಂತ ಹಂತವಾಗಿ ಕಾಯಿಸಿ, ಕಾಂತಕ್ಷೇತ್ರವೇ ಇಲ್ಲದ ಕಡೆ ಆರಿಸಿ, ಆಮೇಲೆ ಸೇರಿಕೊಂಡದ್ದನ್ನು ಅಳಿಸುತ್ತಾರೆ. ಒಂದು ಪದರದ ಉತ್ತರ ಸಾಕಾಗುವುದಿಲ್ಲ. ಕಾಂತಧ್ರುವ ಸದಾ ಅಲೆದಾಡುತ್ತಿರುತ್ತದೆ, ಸಾವಿರಾರು ವರ್ಷಗಳ ಸರಾಸರಿ ಬೇಕು. ಹಾಗಾಗಿ ಪದರದ ಮೇಲೆ ಪದರ ಅಳೆಯುತ್ತಾರೆ. ಡೆಕ್ಕನ್ ಪದರಗಳು ಬಹುಪಾಲು ಮಟ್ಟಸವಾಗಿಯೇ ಉಳಿದಿರುವುದು ದೊಡ್ಡ ಅನುಕೂಲ.

[ದೃಶ್ಯ: 1950ರ ದಶಕ ಎಂಬ ಬರಹ, ಹಳೆಯ ನಕ್ಷೆ]

1912ರಲ್ಲೇ ಆಲ್ಫ್ರೆಡ್ ವೆಗೆನರ್ ಖಂಡಗಳು ಸರಿಯುತ್ತವೆ ಅಂದಿದ್ದರು. ನಂಬಿದವರು ಕಡಿಮೆ. 1950ರ ದಶಕದಲ್ಲಿ ಕೇಂಬ್ರಿಡ್ಜ್‌ನ ಟೆಡ್ ಇರ್ವಿಂಗ್, ಲಂಡನ್‌ನ ಬ್ಲ್ಯಾಕೆಟ್ ತಂಡ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಭಾರತದ ಕಲ್ಲುಗಳನ್ನು ಅಳೆದರು. ಭಾರತವೇ ಯಾಕೆ? ಈ ವಿಧಾನಕ್ಕೆ ಕಾಣುವುದು ಅಕ್ಷಾಂಶ ಮಾತ್ರ. ಪೂರ್ವ–ಪಶ್ಚಿಮ ಸರಿದರೆ ಬಾಗು ಬದಲಾಗುವುದಿಲ್ಲ. ವೆಗೆನರ್ ಪ್ರಕಾರ ಭಾರತ ಸರಿದದ್ದು ಉತ್ತರಕ್ಕೆ, ಅದೂ ಸಾವಿರಾರು ಕಿ.ಮೀ. ಅವರು ಹೇಳಿದ್ದು ಸುಳ್ಳಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು. ಸಮುದ್ರದ ತಳದ ಸಾಕ್ಷ್ಯ ಬರುವುದಕ್ಕೂ ಮೊದಲೇ ನಮ್ಮ ಕಪ್ಪು ಕಲ್ಲು ಈ ಪರೀಕ್ಷೆಯಲ್ಲಿ ಗೆದ್ದಿತ್ತು. ನನಗಂತೂ ಇದು ಹೆಮ್ಮೆಯ ವಿಷಯ.

ರೇಖಾಂಶದ ಲೆಕ್ಕ ಆಮೇಲೆ ಹಿಂದೂ ಮಹಾಸಾಗರದ ತಳದಲ್ಲಿರುವ ಕಾಂತಪಟ್ಟೆಗಳಿಂದ, ಅಂದರೆ ಕಾಂತದ ಅಚ್ಚು ಒಮ್ಮೆ ಈಗಿನಂತೆ, ಒಮ್ಮೆ ತಲೆಕೆಳಗಾಗಿ ಬಿದ್ದಿರುವ ಕಲ್ಲಿನ ಪಟ್ಟೆಗಳಿಂದ ಸಿಕ್ಕಿತು. ವೇಗವೂ ಗೊತ್ತಾಯಿತು: ಡೆಕ್ಕನ್ ಲಾವಾ ಹರಿದ ಕಾಲದ ಆಸುಪಾಸು ವರ್ಷಕ್ಕೆ 15 ಸೆಂ.ಮೀ.ಗೂ ಜಾಸ್ತಿ. ಈಗ ಸುಮಾರು 5.

[ದೃಶ್ಯ: ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು]

ಇದಕ್ಕೂ ಹಳೆಯ ಅಚ್ಚು ಉಡುಪಿ ಕರಾವಳಿಯಲ್ಲಿದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 9 ಕೋಟಿ ವರ್ಷ ಹಿಂದಿನ ಲಾವಾ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದ್ದು. ಅಲ್ಲಿನ ದಿಕ್ಕುಗಳನ್ನು ಮಡಗಾಸ್ಕರ್‌ನ ಅದೇ ಕಾಲದ ಲಾವಾದ ಜೊತೆ ಹೋಲಿಸಿ, ಎರಡು ನೆಲಗಳು ಹೇಗೆ ಅಂಟಿಕೊಂಡಿದ್ದವು ಅಂತ ವಿಜ್ಞಾನಿಗಳು ಜೋಡಿಸಿ ನೋಡಿದ್ದಾರೆ. ಅಲ್ಲಿಗೆ ಹೋದರೆ ದಯವಿಟ್ಟು ಕಲ್ಲು ಒಡೆದು ತರಬೇಡಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮತ್ತೆ, ಬಂಡೆಯಿಂದ ಕಿತ್ತ ತುಂಡು ಎತ್ತ ಮುಖ ಮಾಡಿತ್ತು ಅಂತ ಆಮೇಲೆ ಯಾರಿಗೂ ಹೇಳಲಾಗದು.