ಕಿಟಕಿಯ ಬಾಡಿಗೆ

ಕೇಳುಗರಿಗೆ ನಮಸ್ಕಾರ.

ಆಮ್‌ಸ್ಟರ್‌ಡ್ಯಾಮ್ ಊರಿನ ನಡುಮಧ್ಯೆ ಒಂದು ಚರ್ಚಿದೆ. ಹೆಸರು ಔಡೆ ಕೆರ್ಕ್, ಅಂದರೆ 'ಹಳೇ ಚರ್ಚು'. 1306ರಲ್ಲಿ ಪ್ರತಿಷ್ಠೆಯಾದದ್ದು. ಆ ಊರಲ್ಲಿ ಇವತ್ತು ಉಳಿದಿರುವ ಕಟ್ಟಡಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಅದರ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಎದುರಿಗೇ ಸಾಲಾಗಿ ಗಾಜಿನ ಬಾಗಿಲುಗಳು. ಪ್ರತಿ ಬಾಗಿಲಿಗೂ ಒಂದು ಕೆಂಪು ದೀಪ. ಒಳಗೊಂದು ಎತ್ತರದ ಸ್ಟೂಲು. ಸ್ಟೂಲಿನ ಮೇಲೆ ಒಬ್ಬ ಹೆಂಗಸು. ಅವಳ ಹಿಂದೆ ಒಂದು ಕಿರಿದಾದ ಮಂಚ, ಕೈ ತೊಳೆಯೋಕೆ ಬೇಸಿನ್ನು, ಗೋಡೆಗೆ ಟೈಲ್ಸು. ಗಿರಾಕಿ ಒಳಗೆ ಬಂದರೆ ಪರದೆ ಎಳೆಯುತ್ತಾಳೆ. ಕೋಣೆ ಅಂದರೆ ಅಷ್ಟೇ.

ಪ್ರಪಂಚದ ಎಲ್ಲ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ. ಬಂದವರ ಕಣ್ಣೆಲ್ಲ ಆ ಹೆಂಗಸಿನ ಮೇಲೆ. ನಾನು ಇವತ್ತು ನಿಮ್ಮ ಹತ್ತಿರ ಆ ಕೋಣೆಯ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಆ ಕೋಣೆ ಯಾರದು? ಅದರ ಬಾಡಿಗೆ ಯಾರಿಗೆ ಹೋಗುತ್ತದೆ? ನೆದರ್‌ಲ್ಯಾಂಡ್ಸ್‌ನಲ್ಲಿ ವೇಶ್ಯಾವಾಟಿಕೆ ಕಾನೂನುಬದ್ಧ ಅಂತ ಎಲ್ಲರೂ ಕೇಳಿರುತ್ತೀರಿ. ಆ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಈ ಬಾಡಿಗೆಯ ಕಥೆ ಗೊತ್ತಿರಬೇಕು. ಅದು ಬಹಳ ಹಳೇ ಕಥೆ.

ಮಧ್ಯಯುಗದಿಂದಲೇ ಶುರು ಮಾಡೋಣ. ಆಗ ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ಮನೆಗಳನ್ನು ಯಾರು ಬೇಕಾದರೂ ನಡೆಸುವ ಹಾಗಿರಲಿಲ್ಲ. ಊರಿಗೆ 'ಸ್ಖೌಟ್' ಅಂತ ಒಬ್ಬ ಅಧಿಕಾರಿ ಇರುತ್ತಿದ್ದ. ಪೊಲೀಸ್ ಮುಖ್ಯಸ್ಥನೂ ಅವನೇ, ಸರ್ಕಾರಿ ವಕೀಲನೂ ಅವನೇ. ಅವನ ಸೇವಕರಿಗೆ ಮಾತ್ರ ಗೊತ್ತಾದ ಒಂದೆರಡು ಓಣಿಗಳಲ್ಲಿ ಈ ಮನೆಗಳನ್ನು ನಡೆಸುವ ಹಕ್ಕು. ಪೈಲ್‌ಸ್ಟೇಖ್ ಅನ್ನುವ ಓಣಿ ಅವುಗಳಲ್ಲಿ ಒಂದು. ಕಾಯುವವನ ಕೈಯಲ್ಲೇ ಗಲ್ಲಾಪೆಟ್ಟಿಗೆ ಇದ್ದ ಹಾಗಾಯಿತು, ಅಲ್ವಾ?

1578ರಲ್ಲಿ ಊರು ಪ್ರಾಟೆಸ್ಟಂಟರ ಕೈಗೆ ಬಂತು. ಇದೆಲ್ಲ ಪಾಪ, ನಿಲ್ಲಬೇಕು ಅಂತ ಆಜ್ಞೆಯಾಯಿತು. 1597ರಲ್ಲಿ 'ಸ್ಪಿನ್‌ಹೌಸ್' ತೆರೆದರು. ನೂಲು ತೆಗೆಯುವ ಮನೆ ಅಂತ ಅರ್ಥ. ಸಿಕ್ಕಿಬಿದ್ದ ಹೆಂಗಸರನ್ನು ಅಲ್ಲಿ ಕೂಡಿಹಾಕಿ ನೂಲು, ಹೊಲಿಗೆ ಮಾಡಿಸುತ್ತಿದ್ದರು. ಅದರ ಬಾಗಿಲ ಮೇಲೊಂದು ಪದ್ಯ ಕೆತ್ತಿದ್ದಾರೆ, ಇವತ್ತಿಗೂ ಓದಬಹುದು. ಹೆದರಬೇಡ, ನಾನು ಸೇಡು ತೀರಿಸುವುದಿಲ್ಲ, ಒಳ್ಳೇ ದಾರಿಗೆ ತರುತ್ತೇನೆ, ನನ್ನ ಕೈ ಗಡಸು, ಮನಸ್ಸು ಮೆದು ಅಂತ ಅದರ ಭಾವ. ಆ ಮೆದು ಮನಸ್ಸಿನ ಮನೆಗೆ ದುಡ್ಡು ಕೊಟ್ಟು ಒಳಗೆ ಹೋಗಿ, ಕೈದಿ ಹೆಂಗಸರನ್ನು ನೋಡಿಕೊಂಡು ಬರಬಹುದಾಗಿತ್ತು. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡೋಕೆ ಆಗಲಿಲ್ಲ. ಬಾಗಿಲಿನ ಪಕ್ಕ ನಿಂತು ಟಿಕೆಟ್ ಕಾಸು ಎಣಿಸಿಕೊಳ್ಳುವವನೇ ಕಣ್ಣ ಮುಂದೆ ಬರುತ್ತಿದ್ದ.

ನಿಷೇಧವೇನೋ ಬಂತು. ಆದರೆ ದಂಧೆ ನಿಲ್ಲಲಿಲ್ಲ, ಇನ್ನೂ ಬೆಳೆಯಿತು. ಯಾಕೆ ಅಂದರೆ ಅದೇ ಹೊತ್ತಿಗೆ ಊರಿಗೆ ದುಡ್ಡು ಬಂತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ನಮ್ಮ ಕರಾವಳಿಗೂ ಈ ಕಂಪನಿಯ ಪರಿಚಯ ಚೆನ್ನಾಗಿಯೇ ಇತ್ತು. ಹದಿನೇಳನೇ ಶತಮಾನದಲ್ಲಿ ಕುಂದಾಪುರದ ಹತ್ತಿರದ ಬಸರೂರಿನಲ್ಲಿ ಡಚ್ಚರ ಕೋಠಿಯಿತ್ತು. ಅಲ್ಲಿಂದ ಅವರು ಅಕ್ಕಿ, ಮೆಣಸು ಒಯ್ಯುತ್ತಿದ್ದರು. ಆ ಕಂಪನಿಯ ಆಮ್‌ಸ್ಟರ್‌ಡ್ಯಾಮ್ ಕಚೇರಿ ಇದ್ದದ್ದು ಹಳೇ ಚರ್ಚಿನಿಂದ ಕೆಲವೇ ನಿಮಿಷ ನಡೆಯುವಷ್ಟು ದೂರದಲ್ಲಿ. ಊರಿನ ಸಂಪತ್ತಿನ ಮನೆ, ಊರಿನ ಕೆಂಪು ದೀಪದ ಕೇರಿ, ಎರಡೂ ಒಂದೇ ಸುತ್ತಳತೆಯಲ್ಲಿ. ಇದು ಸುಮ್ನೆ ಆದದ್ದಲ್ಲ.

ಲೆಕ್ಕ ನೋಡಿ. ಸುಮಾರು ಇನ್ನೂರು ವರ್ಷದಲ್ಲಿ ಈ ಕಂಪನಿಯ ಹಡಗುಗಳಲ್ಲಿ ಏಷ್ಯಾದ ಕಡೆಗೆ ಹೊರಟವರು ಹತ್ತಿರ ಹತ್ತಿರ ಹತ್ತು ಲಕ್ಷ ಜನ. ವಾಪಸ್ ಬಂದವರು ಅರ್ಧಕ್ಕಿಂತ ತೀರಾ ಕಡಿಮೆ. ಸಾಮಾನ್ಯ ನಾವಿಕನ ಸಂಬಳ ತಿಂಗಳಿಗೆ ಸುಮಾರು 10 ಗಿಲ್ಡರ್, ಅಂದರೆ ಆಗಿನ ಡಚ್ ನಾಣ್ಯ. ಅದರಲ್ಲಿ ಬಹುಪಾಲು ಕೈಗೆ ಸಿಗುತ್ತಿದ್ದದ್ದು ವರ್ಷಗಟ್ಟಲೆ ಆದಮೇಲೆ, ಊರಿಗೆ ಬಂದಾಗ, ಒಟ್ಟಿಗೆ. ಅಂಥವರಿಗೆ ಊರಿನ ಜನ 'ಆರು ವಾರದ ದೊರೆಗಳು' ಅಂತ ಹೆಸರಿಟ್ಟಿದ್ದರು. ಆರು ವಾರ ಹೆಂಡ, ಸಂಗೀತ, ಹೆಣ್ಣು. ಆಮೇಲೆ ಜೇಬು ಖಾಲಿ, ಮತ್ತೆ ಹಡಗು.

ಇನ್ನೊಂದು ಕಡೆ ಹೆಂಗಸರು. ಗಂಡಸರು ಸಮುದ್ರಕ್ಕೆ ಹೋದ ಊರಲ್ಲಿ ಹೆಂಗಸರೇ ಜಾಸ್ತಿ ಉಳಿದರು. ಬೇರೆ ಊರುಗಳಿಂದ, ಜರ್ಮನಿಯಿಂದ, ಕೆಲಸ ಹುಡುಕಿಕೊಂಡು ಬಂದ ಹುಡುಗಿಯರು ಬೇರೆ. ಮನೆಗೆಲಸ, ಹೊಲಿಗೆ, ಲೇಸ್ ಹೆಣಿಗೆ. ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಗಂಡ ಬತಾವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತದಲ್ಲಿ, ಸತ್ತನೋ ಬದುಕಿದ್ದಾನೋ ಅಂತ ವರ್ಷಗಟ್ಟಲೆ ಸುದ್ದಿಯೇ ಇಲ್ಲದ ಹೆಂಡತಿಯರೂ ಇದ್ದರು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಇಲ್ಲಿ.

ಹಡಗಿಗೆ ಸೇರಲು ಬಂದ ಹುಡುಗನಿಗೆ ಉಳಿಯೋಕೆ ಜಾಗ ಬೇಕು. ಹಡಗು ಹೊರಡುವವರೆಗೆ ಊಟ, ಹಾಸಿಗೆ, ಒಂದು ಪೆಟ್ಟಿಗೆ, ಬಟ್ಟೆ ಎಲ್ಲ ಸಾಲದ ಮೇಲೆ ಕೊಡುವ ಮನೆಗಳಿದ್ದವು. ಸಾಲಕ್ಕೆ ಬದಲಾಗಿ ಆ ಮನೆಯವರಿಗೆ ಒಂದು ಪತ್ರ ಸಿಗುತ್ತಿತ್ತು. ಸಾಮಾನ್ಯವಾಗಿ 150 ಗಿಲ್ಡರ್‌ಗೆ. ಹುಡುಗ ದುಡಿದಷ್ಟೂ ಕಂಪನಿ ಅವನ ಸಂಬಳದಲ್ಲಿ ಹಿಡಿದು ಈ ಪತ್ರ ಇದ್ದವನಿಗೆ ಕೊಡಬೇಕು. ಅವನು ದಾರಿಯಲ್ಲೇ ಸತ್ತರೆ ಪತ್ರಕ್ಕೆ ಬೆಲೆ ಇಲ್ಲ. ಹಾಗಾಗಿ ಮನೆಯವರು ಆ ಪತ್ರವನ್ನು ಕಡಿಮೆ ಬೆಲೆಗೆ ದೊಡ್ಡ ವ್ಯಾಪಾರಿಗೆ ಮಾರಿಬಿಡುತ್ತಿದ್ದರು. ಪತ್ರಕ್ಕೆ ಡಚ್ಚಿನಲ್ಲಿ 'ಸೇಲ್' ಅಂತಾರೆ. ಆತ್ಮಕ್ಕೆ 'ಜೀಲ್' ಅಂತಾರೆ. ಕಿವಿಗೆ ಎರಡೂ ಹತ್ತಿರ ಹತ್ತಿರ. ಪತ್ರ ಮಾರುವವರನ್ನು ಜನ 'ಆತ್ಮ ಮಾರುವವರು' ಅಂತ ಕರೆಯತೊಡಗಿದರು. ಇವತ್ತಿಗೂ ಆ ಪದ ಡಚ್ ಭಾಷೆಯಲ್ಲಿದೆ.

ಈಗ ಅದೇ ಓಣಿಯ ಇನ್ನೊಂದು ಮನೆಗೆ ಬನ್ನಿ. ಅಲ್ಲಿ ಮನೆ ನಡೆಸುವವಳು ಒಬ್ಬ ಹೆಂಗಸು. ಹಳ್ಳಿಯಿಂದ ಬಂದ ಹುಡುಗಿಗೆ ಅವಳು ಒಳ್ಳೇ ಬಟ್ಟೆ ಕೊಡುತ್ತಾಳೆ. ರೇಷ್ಮೆ ಅಂಚಿನ ಲಂಗ, ಲೇಸಿನ ಟೋಪಿ. ಒಳ್ಳೇ ಬಟ್ಟೆ ಇಲ್ಲದೆ ಗಿರಾಕಿ ಬರುವುದಿಲ್ಲ. ಬಟ್ಟೆಯ ಬೆಲೆ ಸಾಲದ ಲೆಕ್ಕಕ್ಕೆ, ಊಟದ ಖರ್ಚೂ ಅದೇ ಲೆಕ್ಕಕ್ಕೆ. ಹುಡುಗಿ ದುಡಿದದ್ದರಲ್ಲಿ ಅರ್ಧದಷ್ಟು ಮನೆಗೇ ಹೋಗುತ್ತದೆ. ಸಾಲ ತೀರದೆ ಹೊಸ್ತಿಲು ದಾಟುವ ಹಾಗಿಲ್ಲ. ಬೇರೆ ಮನೆಯವಳಿಗೆ ಅವಳು ಬೇಕಾದರೆ ಸಾಲ ತೀರಿಸಿ ಕರೆದುಕೊಂಡು ಹೋಗುತ್ತಾಳೆ. ಸಾಲದ ಜೊತೆ ಹುಡುಗಿಯೂ ಕೈ ಬದಲಾಯಿಸುತ್ತಾಳೆ. ಹುಡುಗನಿಗೆ ಪತ್ರ, ಹುಡುಗಿಗೆ ಲಂಗ. ಹೊಸೆದ ಹಗ್ಗ ಒಂದೇ. ಆ ಕಾಲದ ವಿಚಾರಣೆಯ ಪುಸ್ತಕಗಳು ಊರಿನ ದಫ್ತರದಲ್ಲಿ ಉಳಿದಿವೆ. ಹಿಡಿದು ತಂದ ಹೆಂಗಸರು ಹೇಳಿದ್ದನ್ನು ಗುಮಾಸ್ತರು ಬರೆದುಕೊಂಡದ್ದರಿಂದಲೇ ಇಷ್ಟೆಲ್ಲ ನಮಗೆ ಗೊತ್ತು.

ಸ್ಖೌಟ್ ಆಗಲೂ ಸುಮ್ಮನೆ ಕೂತಿರಲಿಲ್ಲ. ಮದುವೆಯಾದ ಗಂಡಸು ಅಲ್ಲಿ ಸಿಕ್ಕಿಬಿದ್ದರೆ ಕೇಸು ಮುಚ್ಚಿಹಾಕಲು ದೊಡ್ಡ ಮೊತ್ತ ಕಕ್ಕಬೇಕಿತ್ತು. ಅದು ಅಧಿಕಾರಿಯ ಆದಾಯ. ನಿಷೇಧ ಅವನಿಗೆ ಒಳ್ಳೇ ಬೆಳೆಯೇ ಆಯಿತು.

ಮುಂದಿನ ಇನ್ನೂರು ವರ್ಷವನ್ನು ಬೇಗ ದಾಟಿಬಿಡುತ್ತೇನೆ. ನೆಪೋಲಿಯನ್ ಕಾಲದಲ್ಲಿ ಸೈನಿಕರ ಆರೋಗ್ಯದ ಚಿಂತೆ ಹತ್ತಿತು. ಹೆಂಗಸರ ಹೆಸರು ಬರೆದುಕೊಂಡು ವೈದ್ಯರ ತಪಾಸಣೆ ಶುರು ಮಾಡಿದರು. ಗಂಡಸರಿಗೆ ತಪಾಸಣೆ ಇಲ್ಲ. 1911ರಲ್ಲಿ ಹೊಸ ಕಾನೂನು ಬಂದು ಮನೆ ನಡೆಸುವುದು ಅಪರಾಧವಾಯಿತು. ಹೆಂಗಸು ತಾನೇ ಈ ಕೆಲಸ ಮಾಡುವುದು ಅಪರಾಧವಾಗಲಿಲ್ಲ. ಆಗ ಹೆಂಗಸರು ಕಿಟಕಿಯ ಹಿಂದೆ, ಅರೆ ಎಳೆದ ಪರದೆಯ ಸಂದಿಯಲ್ಲಿ ಕೂರತೊಡಗಿದರು. ಪೊಲೀಸರು ಕಂಡೂ ಕಾಣದ ಹಾಗಿದ್ದರು. ಇದಕ್ಕೂ ಡಚ್ಚರ ಹತ್ತಿರ ಒಂದು ಪದ ಇದೆ, 'ಖೆಡೋಖನ್'. ಕಾನೂನು ಬೇಡ ಅನ್ನುತ್ತದೆ, ಸರ್ಕಾರ ಇರಲಿ ಬಿಡು ಅನ್ನುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ದೇಶ ಮತ್ತೆ ಶ್ರೀಮಂತವಾಯಿತು. 1959ರಲ್ಲಿ ಖ್ರೋನಿಂಗನ್ ಪ್ರಾಂತ್ಯದಲ್ಲಿ ಭಾರೀ ಗ್ಯಾಸ್ ನಿಕ್ಷೇಪ ಸಿಕ್ಕಿತು. ಪ್ರವಾಸಿಗರು ಬಂದರು. ಪರದೆ ಸರಿಯಿತು, ಕೆಂಪು ದೀಪ ಹೊತ್ತಿತು. ಕಿಟಕಿಯ ಹಿಂದಿನ ಮುಖಗಳೂ ಬದಲಾದವು. ಥಾಯ್ಲೆಂಡ್, ಲ್ಯಾಟಿನ್ ಅಮೆರಿಕದಿಂದ ಹೆಂಗಸರು ಬಂದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಯುರೋಪಿನಿಂದ ಬಂದರು. ಎಲ್ಲಿ ಬಡತನವೋ ಅಲ್ಲಿಂದ. ಹದಿನೇಳನೇ ಶತಮಾನದ ಲೆಕ್ಕವೇ, ನಕ್ಷೆ ಮಾತ್ರ ದೊಡ್ಡದಾಯಿತು.

ಹೆಂಗಸರು ತಾವೇ ದನಿ ಎತ್ತಿದ್ದೂ ಈ ಕಾಲದಲ್ಲೇ. 1985ರಲ್ಲಿ 'ಡೆ ರೋಡೆ ದ್ರಾದ್', ಅಂದರೆ 'ಕೆಂಪು ದಾರ' ಅನ್ನುವ ಸಂಘ ಹುಟ್ಟಿತು. ಇದು ಕೆಲಸ, ನಮಗೂ ಕೆಲಸಗಾರರ ಹಕ್ಕು ಕೊಡಿ ಅಂತ ಅವರ ಬೇಡಿಕೆ. 2000ನೇ ಇಸವಿ ಅಕ್ಟೋಬರ್ 1ರಂದು ಮನೆ ನಡೆಸುವುದರ ಮೇಲಿದ್ದ ನಿಷೇಧ ಹೋಯಿತು. ಮರುವರ್ಷ ಯುರೋಪಿಯನ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಆಮ್‌ಸ್ಟರ್‌ಡ್ಯಾಮಿನ ಕಿಟಕಿಗಳಲ್ಲಿ ದುಡಿಯುತ್ತಿದ್ದ ಪೋಲೆಂಡ್ ಮತ್ತು ಚೆಕ್ ದೇಶದ ಕೆಲವು ಹೆಂಗಸರು ತಮಗೆ ಅಲ್ಲಿ ಇರಲು ಪರವಾನಗಿ ಬೇಕು ಅಂತ ಕೇಳಿದ್ದರು. ಯಾರ ಕೈಕೆಳಗೂ ಇಲ್ಲದೆ, ಸ್ವಂತ ಜವಾಬ್ದಾರಿಯಲ್ಲಿ, ದುಡ್ಡು ಪೂರ್ತಿ ತಾನೇ ಪಡೆದು ಮಾಡುವ ಈ ಕೆಲಸವೂ ಸ್ವಂತ ಉದ್ಯೋಗವೇ ಅಂತ ನ್ಯಾಯಾಲಯ ಒಪ್ಪಿಕೊಂಡಿತು.

ಆದರೆ ಹೊಸ ಕಾನೂನು ಲೈಸೆನ್ಸ್ ಕೊಟ್ಟದ್ದು ಯಾರಿಗೆ? ಕೋಣೆಗಳ ಮಾಲೀಕನಿಗೆ. ಲೈಸೆನ್ಸ್ ಇರುವ ಕಿಟಕಿಗಳ ಸಂಖ್ಯೆಗೆ ಮಿತಿ ಹಾಕಿದರು. ಮಿತಿ ಇದ್ದಲ್ಲಿ ಬೆಲೆ ಏರುತ್ತದೆ. ರಾತ್ರಿ ಪಾಳಿಗೆ ಬಾಡಿಗೆ 150 ಯೂರೋ ಆಸುಪಾಸಿಗೆ ಹೋಯಿತು. ಒಬ್ಬ ಗಿರಾಕಿಯಿಂದ 50 ಯೂರೋ ಅನ್ನುವುದು ಬಹಳ ವರ್ಷ ನಡೆದ ದರ. ಅಂದರೆ ಮೊದಲ ಮೂವರು ಬಾಡಿಗೆಗೇ ಹೋದರು. ಮಳೆ ಬಂದು ಬೀದಿ ಖಾಲಿಯಿದ್ದರೂ ಬಾಡಿಗೆ ಬಿಡುವುದಿಲ್ಲ. ಅದರ ಮೇಲೆ ತೆರಿಗೆ. ಕೆಲವರ ಹಿಂದೆ ಒಬ್ಬ ಗಂಡಸು ನಿಂತು ಉಳಿದದ್ದನ್ನೂ ಕಿತ್ತುಕೊಳ್ಳುತ್ತಿದ್ದ. 2008ರಲ್ಲಿ ಒಂದು ದೊಡ್ಡ ಮಾನವ ಸಾಗಣೆಯ ಕೇಸು ಕೋರ್ಟಿಗೆ ಬಂತು. ಲೈಸೆನ್ಸ್ ಇರುವ ಕಿಟಕಿಗಳಲ್ಲೇ, ಎಲ್ಲರ ಕಣ್ಣೆದುರಿಗೇ, ಹೊಡೆದು ಬಡಿದು ದುಡಿಸಿದ್ದರು ಅಂತ ಅಲ್ಲಿ ಬಯಲಾಯಿತು. ಮಾಲೀಕನ ಕಾಗದಪತ್ರಗಳು ಸರಿಯಿದ್ದರೆ ಒಳಗಿರುವವಳು ಕ್ಷೇಮವಾಗಿದ್ದಾಳೆ ಅಂತ ನಂಬಿದ್ದು ಆ ಕಾನೂನಿನ ದೊಡ್ಡ ತಪ್ಪು. ಇದು ನನ್ನ ಅಭಿಪ್ರಾಯ.

ಕೇಸು ಕೋರ್ಟಿಗೆ ಬರುವ ಮುಂಚೆಯೇ ಸರ್ಕಾರ ಗಾಬರಿಯಾಗಿತ್ತು. ಅದು ಮಾಡಿದ್ದೇನು? 2007ರಲ್ಲಿ ನಗರಾಡಳಿತದ ಬೆಂಬಲದಿಂದ ಒಂದು ವಸತಿ ಸಂಸ್ಥೆ ಒಬ್ಬನೇ ಮಾಲೀಕನಿಂದ ಸುಮಾರು 50 ಕಿಟಕಿಗಳಿದ್ದ ಕಟ್ಟಡಗಳನ್ನು ಕೊಂಡಿತು. ಬೆಲೆ ಎರಡೂವರೆ ಕೋಟಿ ಯೂರೋ. ಭಾಗಿಸಿ ನೋಡಿ, ಕಿಟಕಿಗೆ ಐದು ಲಕ್ಷ ಯೂರೋ ಬಿತ್ತು. ಹೆಂಗಸರಿದ್ದ ಕೆಲವು ಕಿಟಕಿಗಳಲ್ಲಿ ಫ್ಯಾಷನ್ ಡಿಸೈನರುಗಳು ಬಟ್ಟೆ ತೂಗುಹಾಕಿದರು. ಮಾಲೀಕನಿಗೆ ಕೋಟಿ ಸಿಕ್ಕಿತು. ಸ್ಟೂಲಿನ ಮೇಲೆ ಕೂತಿದ್ದವಳು ಬೇರೆ ಕಿಟಕಿ ಹುಡುಕಿಕೊಳ್ಳಬೇಕಾಯಿತು. ಕಿಟಕಿ ಕಡಿಮೆಯಾದಷ್ಟೂ ಅದಕ್ಕೆ ಪೈಪೋಟಿ ಜಾಸ್ತಿ.

ಒಂದು ಒಳ್ಳೇ ಪ್ರಯತ್ನವನ್ನು ಹೇಳಲೇಬೇಕು. 2017ರಲ್ಲಿ ನಗರಾಡಳಿತದ ನೆರವಿನಿಂದ 'ಮೈ ರೆಡ್ ಲೈಟ್' ಅಂತ ಒಂದು ಸಂಸ್ಥೆ ಶುರುವಾಯಿತು. ನಾಲ್ಕು ಕಟ್ಟಡ, 14 ಕಿಟಕಿ. ಅದನ್ನು ನಡೆಸುವ ಕೆಲಸದಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕೈಜೋಡಿಸಿದರು. ಏಳುನೂರು ವರ್ಷದ ಕೇರಿಯಲ್ಲಿ ಹದಿನಾಲ್ಕು ಕೋಣೆ. ಆದರೂ ಕೋಣೆ ಹೇಗಿರಬೇಕು ಅಂತ ಒಳಗೆ ಕೂರುವವಳನ್ನೇ ಕೇಳಿದರಲ್ಲ, ಅದು ಸಣ್ಣ ಮಾತಲ್ಲ.

ಉಳಿದ ಕಡೆ ಹಳೇ ಗೋಳೇ. ತೆರಿಗೆ ಕಟ್ಟುವ ಹೆಂಗಸಿಗೂ ಎಷ್ಟೋ ಸಲ ಬ್ಯಾಂಕು ವ್ಯವಹಾರದ ಖಾತೆ ಕೊಡುವುದಿಲ್ಲ. ಈ ಕೆಲಸದ ದುಡ್ಡು ಅಂದ ಕೂಡಲೇ ಅರ್ಜಿ ವಾಪಸ್. 2014ರಿಂದ ಯುರೋಪಿಯನ್ ಒಕ್ಕೂಟದ ದೇಶಗಳು ವೇಶ್ಯಾವಾಟಿಕೆಯ ಆದಾಯವನ್ನೂ ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಸೇರಿಸುತ್ತವೆ. ದೇಶದ ಲೆಕ್ಕದಲ್ಲಿ ಅವಳ ದುಡಿಮೆ ಇದೆ, ಅವಳ ವ್ಯವಹಾರಕ್ಕೆ ಎಷ್ಟೋ ಸಲ ಒಂದು ಪಾಸ್‌ಬುಕ್ ಇಲ್ಲ. 2020ರಲ್ಲಿ ಕೊರೊನಾ ಬಂದು ಕಿಟಕಿಗಳೆಲ್ಲ ಮುಚ್ಚಿದಾಗ ಇದರ ಪೆಟ್ಟು ಗೊತ್ತಾಯಿತು. ಎಷ್ಟೋ ಹೆಂಗಸರು ಅತ್ತ ನೌಕರರೂ ಅಲ್ಲ, ಇತ್ತ ಸ್ವಂತ ಉದ್ಯೋಗಿಗಳೂ ಅಲ್ಲ ಅನ್ನುವ ಒಂದು ತೆರಿಗೆ ಏರ್ಪಾಡಿನಲ್ಲಿದ್ದರು. ಸರ್ಕಾರ ಅಂಗಡಿಯವರಿಗೆ, ಹೋಟೆಲಿನವರಿಗೆ ಪರಿಹಾರ ಕೊಟ್ಟಿತು. ಇವರು ಯಾವ ಪಟ್ಟಿಗೂ ಸೇರಲಿಲ್ಲ.

ಈಗಿನ ಮೇಯರ್ ಫೆಮ್ಕೆ ಹಾಲ್ಸೆಮಾ. ಆ ಊರಿನ ಮೇಯರ್ ಹುದ್ದೆಗೆ ನೇಮಕವಾದ ಮೊದಲ ಮಹಿಳೆ. ಕೇರಿಯಲ್ಲಿ ಪ್ರವಾಸಿಗರ ಗಲಾಟೆ ವಿಪರೀತವಾಯಿತು, ಹೆಂಗಸರನ್ನು ಬೋನಿನೊಳಗಿನ ಪ್ರಾಣಿಗಳ ಹಾಗೆ ನೋಡುತ್ತಾರೆ ಅನ್ನುವ ಅವರ ನೋವು ನಿಜವಾದದ್ದೇ. ಸುಮಾರು 100 ಕೋಣೆಗಳ ಒಂದು ಹೊಸ ಕಟ್ಟಡ ಕಟ್ಟಿ ಕೆಲಸವನ್ನು ಅಲ್ಲಿಗೆ ಸಾಗಿಸಬೇಕು ಅನ್ನುವುದು ಅವರ ಯೋಜನೆ. 2023ರ ಕೊನೆಗೆ ಊರಿನ ದಕ್ಷಿಣದಲ್ಲಿ, ಯುರೋಪಾ ಬುಲೆವಾರ್ಡ್‌ನಲ್ಲಿ, ಜಾಗವನ್ನೂ ಆರಿಸಿದರು. ಅಲ್ಲಿನ ನಿವಾಸಿಗಳು ಬೇಡ ಅಂದರು. ಅದೇ ಭಾಗದಲ್ಲಿ ಕಚೇರಿಯಿರುವ ಯುರೋಪಿಯನ್ ಔಷಧ ಸಂಸ್ಥೆಯೂ ಆಕ್ಷೇಪ ಎತ್ತಿತು.

ಹೆಂಗಸರು ಏನಂದರು? ಅದೇ ವರ್ಷ ಮಾರ್ಚಿನಲ್ಲಿ ಅವರು ಮೆರವಣಿಗೆ ತೆಗೆದಿದ್ದರು. ಕಿಟಕಿ ಮುಚ್ಚುವ ಸಮಯವನ್ನು ಬೆಳಗಿನ ಆರು ಗಂಟೆಯಿಂದ ಮೂರು ಗಂಟೆಗೆ ಇಳಿಸಲು ಹೊರಟಿದ್ದರು. ಮೂರು ಗಂಟೆ ಕಡಿಮೆಯಾದರೆ ದುಡಿಮೆಗೆ ಪೆಟ್ಟು. ಊರಾಚೆ ಕಟ್ಟಡಕ್ಕೆ ಹೋದರೆ ಕಷ್ಟಕ್ಕೆ ಆಗುವ ಅಕ್ಕಪಕ್ಕದವರು ಇರುವುದಿಲ್ಲ. ಈ ಬೀದಿಯಲ್ಲಿ ಜನ ಇದ್ದಾರೆ, ಅದೇ ನಮಗೆ ಕಾವಲು ಅನ್ನುವುದು ಅವರ ವಾದ. ಹಳೇ ಕೇರಿಯಿಂದ ನಗರಾಡಳಿತದ ಕಚೇರಿಯವರೆಗೆ ನಡೆದರು. ತುಂಬಾ ಜನ ಮುಖವಾಡ ಹಾಕಿಕೊಂಡಿದ್ದರು.

ನಮಸ್ಕಾರ.