ರಾಜ್ಯ ಬದಲಾದರೆ ನರ್ಸಿಂಗ್ ರಿಜಿಸ್ಟ್ರೇಷನ್

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿ. ಒಬ್ಬ ಸಿಸ್ಟರ್ ಕಲಬುರಗಿಯವರು, ಇನ್ನೊಬ್ಬರು ಕೊಟ್ಟಾಯಂನವರು. ಡ್ರಿಪ್ ಹಾಕುತ್ತಿರುವ ಹುಡುಗಿ ಮಣಿಪುರದವಳು. ಎಲ್ಲರೂ ಮಾಡುವ ಕೆಲಸ ಒಂದೇ. ಆದರೆ ಅವರ ಹೆಸರು ಬರೆದಿಡುವ ರಿಜಿಸ್ಟರ್ ಮಾತ್ರ ರಾಜ್ಯಕ್ಕೊಂದು.

ಭಾರತೀಯ ನರ್ಸಿಂಗ್ ಕೌನ್ಸಿಲ್ ಬಂದದ್ದು 1947ರ ಕಾಯ್ದೆಯಿಂದ. ಪಾಠಕ್ರಮ, ತರಬೇತಿಯ ಮಟ್ಟ ಅದರ ಜವಾಬ್ದಾರಿ. ನರ್ಸ್‌ಗಳಾದ ನಮ್ಮನ್ನು ನೋಂದಾಯಿಸಿಕೊಳ್ಳುವುದು ಮಾತ್ರ ರಾಜ್ಯದ ಕೌನ್ಸಿಲ್. ಇಲ್ಲಿ ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಿಜಿಸ್ಟರ್ ಆದವರು ಪುಣೆಗೆ ಕೆಲಸಕ್ಕೆ ಹೋದರೆ, ಮಹಾರಾಷ್ಟ್ರದಲ್ಲೂ ಹೆಸರು ಸೇರಿಸಬೇಕು. ಇದನ್ನೇ ರೆಸಿಪ್ರೋಕಲ್ ರಿಜಿಸ್ಟ್ರೇಷನ್ ಅನ್ನುವುದು. ಮತ್ತೆ ಓದಬೇಕಾಗಿಲ್ಲ. ಕಾಗದಪತ್ರ ಮಾತ್ರ ಸರಿ ಇರಬೇಕು.

ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ಯಜಮಾನರಿಗೆ ವರ್ಗವಾಯಿತು, ನಾನೂ ರಾಜೀನಾಮೆ ಕೊಟ್ಟು ಹೊರಟೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಎರಡು ಇನಿಷಿಯಲ್. ಡಿಪ್ಲೊಮಾದಲ್ಲಿ ಅಪ್ಪನ ಹೆಸರು ಪೂರ್ತಿ. ಆಧಾರ್‌ನಲ್ಲಿ ಯಜಮಾನರ ಹೆಸರು. ಮೂರೂ ಒಬ್ಬಳೇ ಹೆಂಗಸು ಅಂತ ತೋರಿಸಲು ಅಫಿಡವಿಟ್ ಮಾಡಿಸಿದೆ. ಅಷ್ಟರಲ್ಲಿ ಹೊಸ ಆಸ್ಪತ್ರೆಯವರು ಬೇರೆಯವರನ್ನು ತೆಗೆದುಕೊಂಡಿದ್ದರು. ಹನ್ನೊಂದು ವರ್ಷ ಐಸಿಯುನಲ್ಲಿ ದುಡಿದವಳು ನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಅದು ತುಂಬ ನೋವು ಕೊಟ್ಟಿತು.

ಅದಕ್ಕೇ ಹೇಳುತ್ತೇನೆ, ರಾಜೀನಾಮೆಗೆ ಮುಂಚೆ ಅರ್ಜಿ ಹಾಕಿ. ಹೊಸ ರಾಜ್ಯದವರು ಸಾಮಾನ್ಯವಾಗಿ ನಿಮ್ಮ ಹಳೆಯ ಕೌನ್ಸಿಲ್‌ನಿಂದ ಅಭ್ಯಂತರವಿಲ್ಲ ಅನ್ನುವ ಎನ್ಒಸಿ ಅಥವಾ ದೃಢೀಕರಣ ಪತ್ರ ಕೇಳುತ್ತಾರೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬೇಕಾದ ಪತ್ರ ಅದು, ದಿನ ಹಿಡಿಯುತ್ತದೆ. ನಿಮ್ಮ ರಿಜಿಸ್ಟ್ರೇಷನ್ ಅವಧಿ ಮುಗಿದಿದ್ದರೆ ಕೆಲಸ ಇನ್ನೂ ಜಾಸ್ತಿ, ಮೊದಲು ರಿನ್ಯೂವಲ್ ಮಾಡಿಸಿಕೊಳ್ಳಿ. ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಪ್ರತಿ ನರ್ಸ್‌ಗೂ ಗುರುತಿಗಾಗಿ ಕೊಡುವ ಎನ್‌ಯುಐಡಿ ನಂಬರ್ ಇನ್ನೂ ಪಡೆಯದಿದ್ದರೆ, ಅದನ್ನೂ ಈಗಲೇ ಮಾಡಿಸಿ. ಮೂಲ ಸರ್ಟಿಫಿಕೇಟ್‌ಗಳನ್ನು ಯಾವ ಆಸ್ಪತ್ರೆಯಲ್ಲೂ ಒತ್ತೆಯಿಟ್ಟ ಹಾಗೆ ಬಿಟ್ಟು ಬರಬೇಡಿ. ಅವು ಕೈಯಲ್ಲಿ ಇಲ್ಲದೆ ಅರ್ಧ ದಾರಿಯಲ್ಲಿ ನಿಂತ ಹುಡುಗಿಯರನ್ನು ನಾನು ಕಂಡಿದ್ದೇನೆ.

ಅಮೆರಿಕದಲ್ಲೂ ಲೈಸೆನ್ಸ್ ರಾಜ್ಯವಾರು. ಆದರೆ ಅಲ್ಲಿ ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ. ಅಂಥ ಒಂದು ರಾಜ್ಯದಲ್ಲಿ ವಾಸವಿದ್ದು ಬಹುರಾಜ್ಯ ಲೈಸೆನ್ಸ್ ಪಡೆದ ನರ್ಸ್, ಉಳಿದವುಗಳಲ್ಲೂ ಕೆಲಸ ಮಾಡಬಹುದು. ಕಾಯಂ ಆಗಿ ಮನೆ ಬದಲಿಸಿದರೆ ಮಾತ್ರ ಹೊಸ ರಾಜ್ಯದಲ್ಲಿ ಅರ್ಜಿ. ನಮ್ಮಲ್ಲೂ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂತು. ದೇಶಕ್ಕೆಲ್ಲ ಒಂದೇ ರಿಜಿಸ್ಟರ್ ಇಡಬೇಕು ಅನ್ನುವುದು ಅದರಲ್ಲಿದೆ. ಅದು ಬೇಗ ಕೈಗೂಡಲಿ ಅಂತ ನನ್ನ ಆಸೆ.

ಅಲ್ಲಿಯವರೆಗೆ, ಈ ವಾರ ಡ್ಯೂಟಿ ಆಫ್ ಇರುವ ದಿನ ನಿಮ್ಮ ಫೈಲ್ ಬಿಚ್ಚಿ. ಮಾರ್ಕ್ಸ್ ಕಾರ್ಡ್, ಡಿಪ್ಲೊಮಾ, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು, ಹೆಸರನ್ನು ಒಂದೊಂದೇ ಅಕ್ಷರ ಓದಿ ನೋಡಿ.

ನಮಸ್ಕಾರ.